ಇದ್ದೀಯಾ ಎಂದು ಕೇಳುವವನು

ಬೆಳಿಗ್ಗೆ ಅಪ್ಪ ಅಂದ ಮಾತು ಆಫೀಸಿನ ಮೆಟ್ಟಿಲು ಹತ್ತುವಾಗಲೂ ವೇಣುವಿನ ಕಿವಿಯಲ್ಲೇ ಇತ್ತು. ಕೊಟ್ಟಿಗೆಯ ಪಕ್ಕದ ಮಂಚದಲ್ಲಿ ಗೋಡೆಗೆ ಮುಖಮಾಡಿ ಮಲಗಿದ್ದ ವೆಂಕಟೇಶಪ್ಪನ ಬೆನ್ನು ಉಸಿರಿಗೆ ಏಳುತ್ತಿದೆಯೋ ಇಲ್ಲವೋ ಕಂಬಳಿಯ ಮೇಲಿಂದ ತಿಳಿಯದೆ, ಎಂದಿನಂತೆ ಬಗ್ಗಿ, ಭುಜ ಮುಟ್ಟಿ, “ಅಪ್ಪ, ಇದ್ದೀಯಾ” ಅಂದಿದ್ದ. ಬೆನ್ನು ತಿರುಗಲಿಲ್ಲ. “ಇವ್ನಿ ಕಣ್ಲಾ. ಓಗೋ ಅಂಗಿದ್ರೆ ನಿಂಗೊಂದ್ ಮಾತು ಅಂದ್ಬುಟ್ಟೇ ಓಯ್ತೀನಿ. ಗಳಿಗೆಗೊಂದ್ ಸಲ ಬಂದು ತಟ್ಟಿ ಎಬ್ಬಿಸ್ತಾ ಇದ್ರೆ ಎಂಗ್ಲಾ ಕಣ್ ಮುಚ್ಚೋದು? ಕೆಮ್ಮಾದ್ರೂ ಮಧ್ಯೆ ಒಂದಿಷ್ಟು ಬಿಡ್ತದೆ, ನೀನ್ ಬಿಡಾಕಿಲ್ಲ.” ಹಾಲು ಕರೆದು ಎದ್ದ ಅಮ್ಮ ಕದಿರಮ್ಮ ತುಂಬಿದ ಪಾತ್ರೆ ಅಲುಗುವಂತೆ ನಕ್ಕಳು. ಆ ನಗುವಿಗೆ ಅವನ ಮೈ ಉರಿಯಿತು. ಚಳಿಗಾಲದಲ್ಲಿ ಅಪ್ಪ ಉಸಿರು ಕಟ್ಟಿ ಅಂಗಳದಲ್ಲಿ ಕುಸಿದು ಕೂತಾಗ ಹಸುಗಳು ಕೂಡ ಎದ್ದು ನಿಂತಿದ್ದವು, ಒಳಗೆ ಮಲಗಿದ್ದ ತಾನು ಮಾತ್ರ ಎದ್ದಿರಲಿಲ್ಲ. ಅದನ್ನು ಮನೆಯಲ್ಲಿ ಯಾರೂ ಮತ್ತೆ ಎತ್ತಿ ಆಡಿರಲಿಲ್ಲ. ಆಡಿದ್ದರೆ ಒಂದು ಸಲ ಜಗಳವಾಡಿ ಮುಗಿಸಬಹುದಿತ್ತು. ಆಡದೆ ಇದ್ದದ್ದರಿಂದ ಅದು ಹಾಗೇ ಉಳಿದು, ಅವನು ಎಲ್ಲಿದ್ದರೂ, ಕ್ಯಾಸಂಬಳ್ಳಿಯ ಬಸ್ಸಿನಲ್ಲಿರಲಿ ಬಂಗಾರಪೇಟೆಯ ಆಫೀಸಿನಲ್ಲಿರಲಿ, ಮನೆಗೆ ಫೋನು ಮಾಡಿ ಅದೇ ಒಂದು ಮಾತು ಕೇಳುವಂತೆ ಮಾಡುತ್ತಿತ್ತು.

ಸ್ಟೇಷನ್ ರಸ್ತೆಯಲ್ಲಿ ಟಾರ್ಪಾಲು, ಪೈಪು ಮಾರುವ ಅಂಗಡಿಯ ಮೇಲಿನ ಮಹಡಿಯೇ ಆಫೀಸು. ಬೋರ್ಡಿಲ್ಲ. ಚಪ್ಪಲಿ ಹೊರಗೆ ಬಿಡಬೇಕು. ಒಳಗೆ ಇರುವುದು ಸಾಲಾಗಿ ಇಟ್ಟ ಸಾಧಾರಣ ಕಂಪ್ಯೂಟರುಗಳು, ಅವುಗಳ ನೆತ್ತಿಯ ಮೇಲೆ ಆಯುಧಪೂಜೆಗೆ ಇಟ್ಟ ಕುಂಕುಮ ಒಣಗಿ ಉದುರುತ್ತಿರುತ್ತದೆ. ನಿಜವಾದ ಯಂತ್ರ, ಮೇನ್‌ಫ್ರೇಮು, ಎಲ್ಲೋ ದೂರದ ಊರಿನ ಕಟ್ಟಡದಲ್ಲಿತ್ತು. ವೇಣು ಅದನ್ನು ನೋಡಿರಲಿಲ್ಲ. ಫೋಟೋದಲ್ಲಿ ಅದು ಮದುವೆಮನೆಗೆ ಕೊಡುವ ಬೀರುವಿನಂತೆ ಕಪ್ಪಗೆ ನಿಂತಿತ್ತು. ಆ ಒಂದು ಬೀರುವಿನೊಳಗೆ ನೂರಾರು ಲಿನಕ್ಸ್ ಮಷೀನುಗಳು, ಮುಟ್ಟಲು ಮೈಯಿಲ್ಲದವು, ಪ್ರತಿಯೊಂದೂ ಇಡೀ ಬೀರು ತನ್ನೊಬ್ಬನದೇ ಎಂದು ನಂಬಿಕೊಂಡಿದ್ದವು. ಒಂದು ವಿಮಾ ಕಂಪನಿಯ ಕೆಲಸ ಅವುಗಳದು. ಯಾವುದೋ ಆಸ್ಪತ್ರೆಯಲ್ಲಿ ರೋಗಿ ಮನೆಗೆ ಹೊರಡಬೇಕಾದರೆ ಬಿಲ್ಲಿಗೆ ಒಪ್ಪಿಗೆ ಅಲ್ಲಿಂದ ಬರಬೇಕು. ಅವು ನಡೆಯುತ್ತಿವೆಯೇ, ನಿಂತಿವೆಯೇ ಎಂದು ಇಲ್ಲಿ ಕೂತು ನೋಡುವುದು ವೇಣು, ಶ್ಯಾಮಲಾ, ಇನ್ನೂ ಕೆಲವರ ಕೆಲಸ. ಈ ವಾರ ಅವು ನಿಂತಿರಲಿಲ್ಲ. ನಿಂತಿದ್ದರೆ ಒಳ್ಳೆಯದಿತ್ತು. ತೆವಳುತ್ತಿದ್ದವು. ಒಂದು ಒಪ್ಪಿಗೆಗೆ ಅರ್ಧ ದಿನ ಹಿಡಿಯುತ್ತಿತ್ತು, ಯಾಕೆಂದು ಯಾರಿಗೂ ಗೊತ್ತಿರಲಿಲ್ಲ.

ಗೊತ್ತಿಲ್ಲದಿರುವುದನ್ನು ಮೇಲ್ವಿಚಾರಕ ಮುನಿರಾಜ್ ಸಹಿಸುತ್ತಿರಲಿಲ್ಲ. ಸ್ಪೀಕರಿನಲ್ಲಿ ಹೆಡ್ಡಾಫೀಸಿನ ಲಿಖಿತ ಮೇಡಂ ಧ್ವನಿ ಬೆಳಗಿನಿಂದ ತೆರೆದೇ ಇತ್ತು, ಆಕೆ ಏನು ಕೇಳಿದರೂ ಮುನಿರಾಜ್ ಎದ್ದು ನಿಂತು ಉತ್ತರ ಕೊಡುತ್ತಿದ್ದ, ಆಕೆಗೆ ಕಾಣುತ್ತದೆ ಎಂಬಂತೆ. “ಮೇಡಂ, ಈ ತೊಂದರೆ ಶುರುವಾಗಿದ್ದು ಹೊಸ ಮಷೀನು ಸೇರಿಸಿದ ದಿನವೇ. ಸೇರಿಸಿದ್ದು ನಮ್ಮ ಶ್ಯಾಮಲಾ.” ಶ್ಯಾಮಲಾ ಕುರ್ಚಿಯಿಂದ ಏಳಲಿಲ್ಲ. ಆಂಡರ್ಸನ್‌ಪೇಟೆಯ ಹೆಂಗಸು, ತಮಿಳಿನ ಮೇಲೆ ಕನ್ನಡ ಹೊದಿಸಿ ಮಾತಾಡುವವಳು, ಊಟದ ಡಬ್ಬಿಯಲ್ಲಿ ಯಾವಾಗಲೂ ಇನ್ನೊಬ್ಬರಿಗೆ ಆಗುವಷ್ಟು ಹೆಚ್ಚಿಗೆ ತರುವವಳು. “ಸೇರ್ಸು ಅಂದಿದ್ದು ನೀವು ತಾನೇ ಸಾರ್,” ಎಂದಳು. “ಅದಕ್ಕೆ ಎಷ್ಟು ಜಾಗ ಕೊಡ್ಬೇಕು ಅಂತ ಹೇಳಿದ್ದೂ ನೀವೇ.” ಮುನಿರಾಜ್ ಸ್ಪೀಕರನ್ನು ಅಂಗೈಯಿಂದ ಮುಚ್ಚಿದ. “ಯಾರು ಹೇಳಿದ್ರು ಅನ್ನೋದಲ್ಲಮ್ಮ ಈಗ. ಯಾರ ಹೆಸರಲ್ಲಿ ಆಗಿದೆ ಅನ್ನೋದು.” ಆಮೇಲೆ ಕೈ ತೆಗೆದು ಆ ಕಡೆಗೆ ನಗುನಗುತ್ತಾ, ಸಂಜೆಯೊಳಗೆ ಕಾರಣ ಹಿಡಿದು ರಾತ್ರಿ ಊಟಕ್ಕೆ ಮೊದಲು ರಿಪೋರ್ಟ್ ಕಳಿಸುವುದಾಗಿ ಹೇಳಿದ. ರಿಪೋರ್ಟಿನಲ್ಲಿ ಹೆಸರು ಬಂದವರು ಮಾರನೆಯ ದಿನ ಬರುವುದಿಲ್ಲ ಎಂಬುದು ಅಲ್ಲಿ ಎಲ್ಲರಿಗೂ ಗೊತ್ತಿತ್ತು.

ವೇಣು ಮುನಿರಾಜನ ಕತ್ತಿನ ಹಿಂಭಾಗವನ್ನು ನೋಡುತ್ತಾ ಕೂತ. ಪೌಡರು ಬೆವರಿಗೆ ಗೆರೆಯಾಗಿತ್ತು. ಆ ಕತ್ತನ್ನು ಅವನು ಎಷ್ಟೋ ದಿನ ಮನಸ್ಸಿನಲ್ಲಿ ಹಿಡಿದು ಅಲುಗಾಡಿಸಿದ್ದ. ಹಿಂದೊಮ್ಮೆ ತನ್ನ ಪಾಳಿಯಲ್ಲಿ ಒಂದು ಮಷೀನು ಸತ್ತು ಬಿದ್ದಿದ್ದು ಕಾಣದೇ ಹೋದಾಗ ಇದೇ ಸ್ಪೀಕರಿಗೆ ಇದೇ ಮುನಿರಾಜ್, “ಆ ಹುಡುಗ ಹತ್ತನೇ ಕ್ಲಾಸ್ ಫೇಲು ಮೇಡಂ, ಏನೋ ಪಾಪ ಅಂತ ಇಟ್ಕೊಂಡಿದೀವಿ,” ಅಂದಿದ್ದ. ಫೇಲಾಗಿರಲಿಲ್ಲ. ಬಿಟ್ಟಿದ್ದ. ಮೇಷ್ಟರು ಎಲ್ಲರೆದುರು ಅವನ ಬೂಟಿಲ್ಲದ ಕಾಲು ನೋಡಿ ಒಂದು ಮಾತಾಡಿದ ದಿನ ಪುಸ್ತಕದ ಚೀಲವನ್ನು ಬೆಂಚಿನ ಮೇಲೇ ಬಿಟ್ಟು ಹೊರಗೆ ನಡೆದಿದ್ದ, ಚೀಲ ತರಲು ಕೂಡ ಹೋಗಿರಲಿಲ್ಲ. ಫೇಲಾಗುವುದಕ್ಕೂ ಬಿಡುವುದಕ್ಕೂ ಇರುವ ವ್ಯತ್ಯಾಸವನ್ನು ಜಗತ್ತಿನಲ್ಲಿ ಒಬ್ಬರಿಗೂ ತಿಳಿಸಲು ಅವನಿಂದ ಆಗಿರಲಿಲ್ಲ, ಶ್ಯಾಮಲಾ ಒಬ್ಬಳನ್ನು ಬಿಟ್ಟು. ಅವಳು, “ಬಿಟ್ಟವನಿಗೆ ತಿರುಗಿ ಹಿಡಿಯೋಕೆ ಆಗ್ತದೆ ಡಾ, ಬಾ ಇಲ್ಲಿ,” ಎಂದು ಪಕ್ಕಕ್ಕೆ ಕುರ್ಚಿ ಎಳೆದಿದ್ದಳು. ಸರ್ಟಿಫಿಕೇಟ್ ಇಲ್ಲದವನಿಗೆ ಕಂಪನಿ ಲಾಗಿನ್ ಕೊಡುವುದಿಲ್ಲ. ತನ್ನದನ್ನೇ ಕೊಟ್ಟಳು. ಅಲ್ಲಿ ಅದೇನು ಹೊಸದಲ್ಲ, ಒಬ್ಬರ ಹೆಸರಿನಲ್ಲಿ ಇನ್ನೊಬ್ಬರು ಒಳಗೆ ಹೋಗುವುದು ಒಬ್ಬರ ಚಪ್ಪಲಿ ಇನ್ನೊಬ್ಬರು ಮೆಟ್ಟಿಕೊಂಡು ಬಾತ್‌ರೂಮಿಗೆ ಹೋದಷ್ಟೇ ಸಹಜವಾಗಿತ್ತು.

ಇಷ್ಟಕ್ಕೂ ಅವಳು ಹೇಳಿಕೊಟ್ಟಿದ್ದು ಬೇಗ ಮರೆಯುವಂಥದ್ದಲ್ಲ. ತುಂಬ ನೆಂಟರು ಇಳಿದ ಮನೆ ಅಂದುಕೋ, ಎಂದಿದ್ದಳು. ಇರುವುದು ಒಂದೇ ಪಡಸಾಲೆ. ಮನೆಯ ಯಜಮಾನ ಏನು ಮಾಡುತ್ತಾನೆ? ಯಾರು ನಿದ್ದೆಹೋದರೋ ಅವರ ಗಂಟುಮೂಟೆ ಅಟ್ಟಕ್ಕೆ ಹಾಕುತ್ತಾನೆ. ಎದ್ದು ಕೆಲಸ ಮಾಡುವವರಿಗೆ ಜಾಗ ಮಾಡುತ್ತಾನೆ. ನಿದ್ದೆಹೋದವನು ಎದ್ದರೆ ಅಟ್ಟದಿಂದ ಇಳಿಸಿಕೊಡುತ್ತಾನೆ. ಇಷ್ಟೇ ಮೇನ್‌ಫ್ರೇಮು. ಸ್ಲೋ ಆಯ್ತು ಅಂದರೆ ಸ್ಲೋ ಆದ ಮಷೀನಿನ ಒಳಗೇ ತಲೆ ಹಾಕಿ ಕೂರಬೇಡ, ಒಳಗಿನಿಂದ ನೋಡಿದರೆ ಅದಕ್ಕೆ ಎಲ್ಲವೂ ಸರಿ ಇರುವಂತೆ ಕಾಣುತ್ತದೆ, ಪಾಪ, ಅದಕ್ಕೆ ಬೇರೆಯವರು ಇದ್ದಾರೆ ಅನ್ನುವುದೇ ಗೊತ್ತಿಲ್ಲ. ಮೇಲಿನಿಂದ ನೋಡು. ಮತ್ತೆ ಒಂದು ಸಲಕ್ಕೆ ಒಂದನ್ನೇ ಬದಲಾಯಿಸು, ಕಾದು ನೋಡು. ಎರಡು ಕಡೆ ಕೈ ಹಾಕಿದರೆ ಯಾವುದರಿಂದ ಏನಾಯಿತು ಅಂತ ದೇವರಿಗೂ ಗೊತ್ತಾಗುವುದಿಲ್ಲ.

ಅವನು ಮೊದಲು ಒಳಗಿನಿಂದಲೇ ನೋಡಿದ. ಬಿಲ್ಲುಗಳಿಗೆ ಒಪ್ಪಿಗೆ ಕೊಡುವ ಮಷೀನು ಸುಮ್ಮನೆ ಕೂತಂತಿತ್ತು. ಕೆಲಸದ ಭಾರವಿಲ್ಲ, ಡಿಸ್ಕು ಸರಿಯಾಗಿದೆ. ಸ್ಟೀಲ್, ಅಂದರೆ ಕದ್ದುಹೋದ ಸಮಯ, ಎನ್ನುವ ಒಂದು ಸಾಲು ಮಾತ್ರ ಏರಿತ್ತು: ನಾನು ಕೆಲಸಕ್ಕೆ ತಯಾರಾಗಿ ನಿಂತಿದ್ದೆ, ನನ್ನ ಸರದಿ ಬರಲಿಲ್ಲ ಎನ್ನುವ ಲೆಕ್ಕ ಅದು. ಯಾಕೆ ಬರಲಿಲ್ಲ ಎಂದು ಅದಕ್ಕೆ ತಿಳಿಯದು. ವೇಣು ಶ್ಯಾಮಲಾ ಹೆಸರಿನಲ್ಲಿ ಮೇಲಕ್ಕೆ ಹೋದ, ಯಜಮಾನ ನಿಲ್ಲುವ ಜಾಗಕ್ಕೆ. ಅಟ್ಟಕ್ಕೂ ಪಡಸಾಲೆಗೂ ಒಂದೇ ಸಮ ಸಾಮಾನು ಹೋಗಿ ಬರುತ್ತಿತ್ತು, ಯಜಮಾನ ಹಾಕಿದ್ದನ್ನು ಮರುಗಳಿಗೆಯೇ ಇಳಿಸುತ್ತಿದ್ದ, ಇಳಿಸಿದ್ದನ್ನು ಹಾಕುತ್ತಿದ್ದ. ಒಪ್ಪಿಗೆ ಕೊಡುವ ಮಷೀನಿನ ಸಾಮಾನು ಕೂಡ ಅರ್ಧ ಅಟ್ಟದಲ್ಲೇ ಸಿಕ್ಕಿಕೊಂಡಿತ್ತು. ಇಷ್ಟು ಜಾಗ ತಿಂದವರು ಯಾರು ಎಂದು ನಿದ್ದೆಹೋದವರ ಪಟ್ಟಿ ತೆಗೆದ. ಪಟ್ಟಿ ಖಾಲಿ ಬಂತು. ತಪ್ಪಾಗಿ ಒತ್ತಿರಬೇಕೆಂದು ಮತ್ತೆ ತೆಗೆದ. ಖಾಲಿ. ಯಾರೂ ಮಲಗಿರಲಿಲ್ಲ. ಪರೀಕ್ಷೆಗೆಂದು ಹುಟ್ಟಿಸಿ ಮರೆತ ಮಷೀನುಗಳು, ವರ್ಷಕ್ಕೊಮ್ಮೆ ಮಾತ್ರ ಬೇಕಾಗುವವು, ಯಾರದೆಂದೇ ತಿಳಿಯದವು, ಎಲ್ಲವೂ ಕಣ್ಣು ಬಿಟ್ಟುಕೊಂಡು ಪಡಸಾಲೆಯಲ್ಲಿ ಕೂತಿದ್ದವು. ಯಾರೋ ಅವನ್ನು ಎಬ್ಬಿಸುತ್ತಿದ್ದಾರೆ. ಒಂದೊಂದನ್ನೂ, ಸಾಲಾಗಿ, ಕಣ್ಣು ಹತ್ತುವ ಮೊದಲೇ ಭುಜ ತಟ್ಟಿ.

ಗೋಡೆಗೆ ಮುಖಮಾಡಿದ ಅಪ್ಪನ ಬೆನ್ನು ನೆನಪಾದದ್ದು ಆಮೇಲೆ. ಮೊದಲು ಕಣ್ಣು ಹೋದದ್ದು ಪರದೆಯ ಮೂಲೆಗೆ. ಮಷೀನು ಸತ್ತಿದ್ದನ್ನು ಕಾಣದೆ ಬೈಸಿಕೊಂಡ ಮೇಲೆ, ಇನ್ನೊಮ್ಮೆ ಮುನಿರಾಜನ ಬಾಯಿಗೆ ಸಿಗಬಾರದೆಂದು ಅವನೇ ಒಂದು ಸ್ಕ್ರಿಪ್ಟ್ ಬರೆದಿದ್ದ. ಸಣ್ಣದು. ಕೆಲವೇ ಸಾಲು. ಎಲ್ಲ ಮಷೀನುಗಳನ್ನೂ ಸರದಿಯಲ್ಲಿ ಹೋಗಿ ಮಾತಾಡಿಸಿ, ಇದ್ದೀಯಾ ಎಂದು ಕೇಳಿ, ಇದ್ದೀನಿ ಎನ್ನುವ ಉತ್ತರ ತಂದು ಅವನ ಪರದೆಯ ಮೂಲೆಯಲ್ಲಿ ಹಸಿರು ಚುಕ್ಕೆ ಇಡುವುದು, ಮುಗಿದ ಕೂಡಲೆ ಮತ್ತೆ ಮೊದಲಿನಿಂದ. ಯಾರೂ ಹೇಳಿಕೊಡದೆ ಅವನು ಬರೆದ ಮೊದಲ ಸ್ಕ್ರಿಪ್ಟ್ ಅದು. ಅದನ್ನು ಓಡಿಸಿದ ಸಂಜೆ ರೈಲಿನಲ್ಲಿ ಕಿಟಕಿಯ ಪಕ್ಕ ಕೂತು, ಕತ್ತಲಾಗುತ್ತಿದ್ದ ಚಿನ್ನದ ಗಣಿಯ ಸೈನೈಡ್ ಮಣ್ಣಿನ ದಿಬ್ಬಗಳನ್ನು ನೋಡುತ್ತಾ, ಬೆಂಚಿನ ಮೇಲೆ ಬಿಟ್ಟ ಚೀಲವನ್ನು ತಿರುಗಿ ಹೆಗಲಿಗೇರಿಸಿದಂತೆ ಅನಿಸಿತ್ತು. ಶ್ಯಾಮಲಾಗೂ ಹೇಳಿರಲಿಲ್ಲ. ಹೇಳಿದರೆ ತಿದ್ದುತ್ತಾಳೆ, ತಿದ್ದಿದರೆ ಅದು ಅವಳದಾಗುತ್ತದೆ. ಅದೇ ಸಂಜೆ ಶ್ಯಾಮಲಾ ಹೊಸ ಮಷೀನು ಸೇರಿಸಿದ್ದಳು. ಹಸಿರು ಚುಕ್ಕೆಗಳು ಈಗಲೂ ಪರದೆಯ ಮೂಲೆಯಲ್ಲಿ ಮಿಣುಕುತ್ತಿದ್ದವು, ಇದ್ದೀನಿ, ಇದ್ದೀನಿ, ಇದ್ದೀನಿ. ಯಾವುದೋ ಆಸ್ಪತ್ರೆಯ ಬಾಗಿಲ ಬಳಿ, ಬಟ್ಟೆ ಬದಲಿಸಿ ಚೀಲ ಕಟ್ಟಿಕೊಂಡು, ಮಗುವನ್ನು ತೊಡೆಯಿಂದ ತೊಡೆಗೆ ಬದಲಾಯಿಸುತ್ತಾ ಹೆಂಗಸೊಬ್ಬಳು ಕೂತಿದ್ದಾಳೆ, ಇನ್ನೂ ಬಂದಿಲ್ಲಮ್ಮ, ಕಾಯಿರಿ ಎಂದು ಕಿಂಡಿಯೊಳಗಿನಿಂದ ಹೇಳುತ್ತಿದ್ದಾರೆ. ಅವನು ನೋಡಿರದ ಹೆಂಗಸು. ಅವಳ ಕಾಲಿನಲ್ಲಿ ಹವಾಯಿ ಚಪ್ಪಲಿ ಇತ್ತು, ಅದನ್ನು ಅವನು ಸ್ಪಷ್ಟವಾಗಿ ಕಂಡ.

ಹೇಳಿಬಿಡಬೇಕು ಎಂದು ಬಾಯಿ ತೆರೆದ. ಮುನಿರಾಜ್ ಸ್ಪೀಕರಿಗೆ ಬಗ್ಗಿ ಏನೋ ಇಂಗ್ಲಿಷಿನಲ್ಲಿ ಹೇಳುತ್ತಿದ್ದ, ಆ ಇಂಗ್ಲಿಷಿನ ಮಧ್ಯಕ್ಕೆ ತನ್ನ ಕನ್ನಡವನ್ನು ಹೇಗೆ ನುಗ್ಗಿಸುವುದು ತಿಳಿಯಲಿಲ್ಲ. ಖಚಿತ ಮಾಡಿಕೊಂಡು ಹೇಳಿದರಾಯಿತು, ತಪ್ಪಾಗಿದ್ದರೆ ಇನ್ನೊಂದು ನಗೆ, ಎಂದು ತನಗೇ ಹೇಳಿಕೊಂಡ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸು. ಸ್ಕ್ರಿಪ್ಟನ್ನು ನಿಲ್ಲಿಸಿದ. ಹಸಿರು ಚುಕ್ಕೆಗಳು ಆರಿದವು. ಕೈಕಟ್ಟಿ ಕಾದ. ಪಡಸಾಲೆ ಖಾಲಿಯಾಗತೊಡಗಿತು, ಮರೆತುಹೋದ ಮಷೀನುಗಳು ಒಂದೊಂದಾಗಿ ಕಣ್ಣು ಮುಚ್ಚುತ್ತಿದ್ದವು, ಗಂಟುಗಳು ಅಟ್ಟ ಸೇರಿ ಅಲ್ಲೇ ಉಳಿದವು. ಸಂತೋಷವಾಯಿತು, ಅದನ್ನು ಬೇರೆ ಯಾವ ಹೆಸರಿನಿಂದಲೂ ಕರೆಯುವಂತಿರಲಿಲ್ಲ, ಕಾರಣ ಸಿಕ್ಕಿದವನ ಸಂತೋಷ. ಎದ್ದು ನಿಂತ. ಅಷ್ಟರಲ್ಲಿ ಮುನಿರಾಜ್ ಮೇಜು ಬಡಿದ. “ನೋಡಿದ್ರಾ ಮೇಡಂ? ಆ ಹೊಸ ಮಷೀನನ್ನ ಈಗ ತಾನೇ ಬಂದ್ ಮಾಡಿದೆ. ಲೋಡು ಇಳೀತು ನೋಡಿ, ಪೂರ್ತಿ ಇಳೀತು.” ಸ್ಪೀಕರಿನಲ್ಲಿ ಲಿಖಿತ ಮೇಡಂ ಹೊಗಳಿದಳು. ಯಾರೋ ಚಪ್ಪಾಳೆ ತಟ್ಟಿದರು. ವೇಣು ನಿಂತೇ ಇದ್ದ. ಅವನ ಪಕ್ಕದ ಕುರ್ಚಿಯಲ್ಲಿ ಶ್ಯಾಮಲಾ ಪರದೆಯನ್ನು ನೋಡುತ್ತಿದ್ದಳು, ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ತಡೆದುಕೊಳ್ಳಬಹುದಿತ್ತು. “ಹಂಗಾದ್ರೆ ನಂದೇನಾ,” ಎಂದಳು, ಯಾರಿಗೂ ಅಲ್ಲದ ಹಾಗೆ. “ಎಲ್ಲಾ ಸರಿಯಾಗೇ ಮಾಡಿದ್ದೆ ಅಂದ್ಕೊಂಡಿದ್ದೆನಲ್ಲ.”

ಎರಡು ಕಡೆ ಕೈ ಹಾಕಿದಂತಾಗಿತ್ತು. ಈಗ ಯಾರಿಗೂ ಗೊತ್ತಾಗುವುದಿಲ್ಲ. ಅವನಿಗೂ ಗೊತ್ತಾಗುವುದಿಲ್ಲ ಎಂದು ಬೇಕಾದರೆ ನಂಬಿಕೊಳ್ಳಬಹುದು, ಯಾರಿಗೆ ಗೊತ್ತು, ಅವಳದೇ ಇರಬಹುದು, ಎರಡೂ ಇರಬಹುದು. ತೋರಿಸಿಕೊಡಲು ಒಂದೇ ದಾರಿ: ಸ್ಕ್ರಿಪ್ಟನ್ನು ತಿರುಗಿ ಓಡಿಸಬೇಕು, ಎಲ್ಲರೆದುರು ಮತ್ತೆ ಎಲ್ಲವನ್ನೂ ತೆವಳಿಸಬೇಕು, ಈಗಷ್ಟೇ ಹೆಸರು ಕೂಗಿಸಿಕೊಂಡು ಮಗುವನ್ನೆತ್ತಿ ಎದ್ದ ಹೆಂಗಸನ್ನು ಮತ್ತೆ ಬೆಂಚಿಗೆ ಕೂರಿಸಬೇಕು. ಬೆರಳು ಕೀಲಿಯ ಮೇಲೆ ಇತ್ತು. ಒತ್ತದೆ ಇರುವುದು ಆ ಹೆಂಗಸಿಗಾಗಿ ಎಂದುಕೊಂಡ. ಹಾಗೆಂದುಕೊಂಡದ್ದು ಎಷ್ಟು ಅನುಕೂಲವಾಗಿತ್ತೆಂದರೆ ತನಗೇ ಹೇಸಿಗೆಯಾಗಿ ಒತ್ತಿಬಿಟ್ಟ. ಪರದೆ ಒಂದು ಕ್ಷಣ ತಡೆದು, ಒಳಗೆ ಬಿಡುವುದಿಲ್ಲ ಎಂದು ಬರೆಯಿತು. ಮುನಿರಾಜ್ ಅಷ್ಟರಲ್ಲಿ ಶ್ಯಾಮಲಾಳ ಲಾಗಿನ್ ಮುಚ್ಚಿಸಿದ್ದ. ಅವಳ ಜೊತೆ ಅವನೂ ಹೊರಗೆ ಬಿದ್ದಿದ್ದ, ಅವನಿದ್ದದ್ದು ಯಾರಿಗೂ ತಿಳಿಯದೆ. ಎದೆಯಿಂದ ಒಂದು ಉಸಿರು ತಾನಾಗಿ ಹೊರಟಿತು. ಆ ಉಸಿರಿನಲ್ಲಿ ನಿರಾಳವಿತ್ತು. ಉಳಿದದ್ದನ್ನೆಲ್ಲ ಮುಂದೆ ಹೇಗಾದರೂ ಮರೆತಾನು, ಆ ನಿರಾಳವನ್ನು ಮರೆಯಲಾರ.

ಸಂಜೆಯ ಮಾರಿಕುಪ್ಪಂ ಗಾಡಿಯಲ್ಲಿ ಅವರಿಬ್ಬರೂ ದಿನದಂತೆ ಎದುರುಬದುರು ಕೂತರು. ಶ್ಯಾಮಲಾಳ ಮಡಿಲಲ್ಲಿ ಡಬ್ಬಿಯ ಚೀಲದ ಜೊತೆ ಇನ್ನೊಂದು ಚೀಲವಿತ್ತು. ಅದರಲ್ಲಿ ಮೇಜಿನ ಮೇಲಿದ್ದ ಲೋಟ, ಶಾಲು, ಆಯುಧಪೂಜೆಯಲ್ಲಿ ಕೊಟ್ಟ ಸ್ಟೀಲ್ ಬಟ್ಟಲು. ಮುನಿರಾಜ್, ನಾಳೆಯಿಂದ ಬರೋದು ಬೇಡಮ್ಮ, ರಿಪೋರ್ಟ್ ಬರೆದು ಕಳಿಸಿದ ಮೇಲೆ ನಾನೇ ಫೋನ್ ಮಾಡ್ತೀನಿ ಎಂದಿದ್ದ. ಕೋರಮಂಡಲ್ ದಾಟುವವರೆಗೆ ಅವಳು ಕಿಟಕಿಯ ಹೊರಗೆ ನೋಡುತ್ತಿದ್ದಳು.

“ಅಕ್ಕ, ಪರವಾಗಿಲ್ವಾ?”

“ಹೂಂ.”

ಬಾಟಲಿ ಮುಂದೆ ಹಿಡಿದು, “ನೀರು ಕುಡೀತೀಯಾ ಅಕ್ಕ? ಚೆನ್ನಾಗಿದ್ದೀಯಾ?” ಎಂದ.

“ಇದ್ದೀನಿ ಡಾ.” ಅವಳು ಚೀಲವನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡಳು. “ನಿನ್ ಗತಿ ಏನು ಅಂತ ಯೋಚ್ನೆ ಮಾಡ್ತಾ ಇದ್ದೆ. ನನ್ ಲಾಗಿನ್ ಇಲ್ದೆ ನೀನು ಅಲ್ಲಿ ಕೂತ್ಕೊಂಡು ಏನ್ ಮಾಡ್ತೀಯಾ? ಆ ಮುನಿರಾಜು ಕಾಲು ಒತ್ತುತೀಯಾ?”

ಅವನು ನಗಲಿಲ್ಲ. ಮತ್ತೆ ಬಾಯಲ್ಲಿ ಬಂದದ್ದು ಅದೇ ಮಾತು. “ನಿಜವಾಗ್ಲೂ ಪರವಾಗಿಲ್ವಾ ಅಕ್ಕ?”

“ಅಯ್ಯೋ, ಎಷ್ಟ್ ಸಲ ಕೇಳ್ತೀಯಾ ಪ್ಪಾ.” ಅವಳು ಮೊದಲ ಬಾರಿಗೆ ಅವನ ಕಡೆ ತಿರುಗಿದಳು. “ಒಂದೊಂದ್ ಸಲ ಕೇಳಿದಾಗ್ಲೂ ಎಲ್ಲಾ ಮತ್ತೆ ಮೊದ್ಲಿಂದ ಎತ್ಕೋಬೇಕು ನಾನು. ಸುಮ್ನೆ ಬಿಟ್ರೆ ಮನೆ ಬರೋವರ್ಗೂ ಕಣ್ ಮುಚ್ಕೊಂಡ್ ಕೂತಿರ್ತೀನಿ. ನೀನ್ ಕೇಳ್ತಿರೋದು ನಂಗೋಸ್ಕರಾನೇನಾ?”

ಊರ್ಗಾಂ ಬಂತು. ಅವನು ಇಳಿಯಬೇಕಾದ ಸ್ಟೇಷನ್ನು, ಹೊರಗೆ ಕ್ಯಾಸಂಬಳ್ಳಿ ಬಸ್ಸು ಹಿಡಿಯಲು ಜನ ಓಡುತ್ತಿದ್ದರು. ಅವನು ಏಳಲಿಲ್ಲ. ಗಾಡಿ ಹೊರಟ ಮೇಲೆ ಹೇಳಿದ. ಸ್ಕ್ರಿಪ್ಟ್ ಹೇಳಿದ, ಹಸಿರು ಚುಕ್ಕೆ ಹೇಳಿದ, ಖಾಲಿ ಬಂದ ಪಟ್ಟಿ, ಮುನಿರಾಜ್ ಮೇಜು ಬಡಿಯುವ ಮೊದಲೇ ತಾನು ನಿಲ್ಲಿಸಿದ್ದು. “ನಿಂದಲ್ಲಕ್ಕ ಅದು. ನಂದು.” ಹೇಳುತ್ತಾ ಹೋದಂತೆ ಅವನ ಭುಜ ಹಗುರವಾಗುತ್ತಿತ್ತು, ಹಗುರವಾಗುತ್ತಿದೆ ಎಂಬುದು ಅವನಿಗೂ ತಿಳಿಯಿತು. ಅವಳು ಬೈಯುತ್ತಾಳೆಂದು ಕಾದ. ಅಳುತ್ತಾಳೆಂದು ಕಾದ. ಅವಳು ಮಡಿಲಿನ ಚೀಲದೊಳಗೆ ಕೈ ಹಾಕಿ ಲೋಟವನ್ನು ಸರಿಯಾಗಿ ಕೂರಿಸಿದಳು.

“ಮುನಿರಾಜುಗೆ ಹೇಳಿದ್ಯಾ?”

“ಇಲ್ಲ.”

“ಮತ್ತೆ ನನ್ಗ್ ಯಾಕ್ ಹೇಳ್ತೀಯಾ?”

ಚಾಂಪಿಯನ್ ಬಂತು. ಅವಳು ಎರಡೂ ಚೀಲ ಹಿಡಿದು ಇಳಿದಳು. ದಿನವೂ ಇಳಿದು ಕಿಟಕಿಯ ಬಳಿ ಬಂದು ಸರಳಿನ ಮೇಲೆ ತಟ್ಟಿ ಹೋಗುವವಳು ಇವತ್ತು ಬರಲಿಲ್ಲ. ಪ್ಲಾಟ್‌ಫಾರ್ಮಿನ ಕೊನೆಗೆ ಹೋಗಿ, ಚೀಲ ಕೆಳಗಿಟ್ಟು ಸೆರಗು ಸರಿಮಾಡಿಕೊಂಡು, ಮತ್ತೆ ಎತ್ತಿಕೊಂಡು ನಡೆದಳು.

ಮಾರಿಕುಪ್ಪಂನಲ್ಲಿ ಗಾಡಿ ಪೂರ್ತಿ ಖಾಲಿಯಾಯಿತು. ಮುಂದಕ್ಕೆ ಹಳಿ ಇಲ್ಲ. ಡ್ರೈವರು ತನ್ನ ಪೆಟ್ಟಿಗೆ ಹಿಡಿದು ಕಿಟಕಿಗಳ ಉದ್ದಕ್ಕೂ ನಡೆದು ಇನ್ನೊಂದು ತುದಿಯ ಕಡೆ ಹೋದ. ಕಸ ಗುಡಿಸುತ್ತಿದ್ದ ಹೆಂಗಸು, “ಲಾಸ್ಟ್ ಸ್ಟೇಷನ್ನಪ್ಪಾ, ಎರಂಗು,” ಎಂದಳು. ವೇಣು ಕಾಲು ಎತ್ತಿ ಅವಳ ಪೊರಕೆಗೆ ಜಾಗ ಮಾಡಿಕೊಟ್ಟ, ಇಳಿಯಲಿಲ್ಲ. ಮುನಿರಾಜ್ ಈಗ ರಿಪೋರ್ಟ್ ಬರೆಯುತ್ತಿರಬೇಕು, ಇಂಗ್ಲಿಷಿನಲ್ಲಿ, ಒಂದೊಂದು ಸಾಲಿಗೂ ಮೀಸೆ ಸವರಿಕೊಳ್ಳುತ್ತಾ. ಅವನೆದುರು ಹೇಗೆ ಶುರುಮಾಡುವುದು ಎಂದು ಮಾತು ಜೋಡಿಸಿದ. ಜೋಡಿಸಿದ ಮಾತಿನಲ್ಲೆಲ್ಲ ಮುನಿರಾಜನಿಗೂ ಒಂದು ಪಾಲು ಬರುತ್ತಿತ್ತು, ಎಲ್ಲರೆದುರು ಅವಮಾನ ಮಾಡಿದವರು ನೀವು, ಹೊಸ ಮಷೀನು ಸೇರಿಸು ಅಂದವರು ನೀವು. ಅದನ್ನೆಲ್ಲ ಕಿತ್ತು ತೆಗೆದ. ತೆಗೆದರೆ ಉಳಿಯುವುದು ಬಹಳ ಸಣ್ಣ ಮಾತು. ಅಷ್ಟು ಸಣ್ಣ ಮಾತಿಗೆ ಇಷ್ಟು ಹೊತ್ತು ಬೇಕಾಯಿತಲ್ಲ ಎಂದು ತನ್ನ ಮೇಲೇ ಹಲ್ಲು ಕಚ್ಚಿದ.

ಗಾಡಿ ಬಂದ ಕಡೆಗೇ ಚಲಿಸತೊಡಗಿದಾಗ ಫೋನು ಬಡಿದುಕೊಂಡಿತು. ಅಪ್ಪ. ಅಪ್ಪ ತಾನಾಗಿ ಫೋನು ಮಾಡುವವನಲ್ಲ.

“ಏನ್ಲಾ, ಇವತ್ತು ಒಂದ್ ಸಲಾನೂ ಫೋನೇ ಇಲ್ಲ. ನಿಮ್ಮಮ್ಮ ಬಾಗ್ಲಲ್ಲೇ ನಿಂತವ್ಳೆ. ಚೆಂದಾಗಿದ್ದೀಯಾ?”

ಇವ್ನಿ ಅಪ್ಪ, ಎನ್ನುವುದು ನಾಲಿಗೆಯ ತುದಿಗೆ ತಾನಾಗಿ ಬಂದು ನಿಂತಿತು. ಚಾಂಪಿಯನ್ನಿನ ಪ್ಲಾಟ್‌ಫಾರ್ಮು ಈ ಸಲ ಇನ್ನೊಂದು ಕಡೆಯ ಕಿಟಕಿಯಲ್ಲಿ ಬಂದು ನಿಂತು, ಮತ್ತೆ ಜಾರಿತು. ಅಲ್ಲಿ ಯಾರೂ ಇರಲಿಲ್ಲ.

“ಇಲ್ಲ ಅಪ್ಪ. ಚೆಂದಾಗಿಲ್ಲ. ಬಂಗಾರಪೇಟೆಗೆ ತಿರುಗಿ ಓಯ್ತಾ ಇವ್ನಿ. ಬರೋದು ತಡ ಆಯ್ತದೆ.”

ಆ ಕಡೆ ಕೆಮ್ಮು ಬಂತು, ಬಹಳ ಹೊತ್ತು. ವೇಣು ಕಿವಿಯಿಂದ ಫೋನು ತೆಗೆಯದೆ ಕಾದ. ಕೆಮ್ಮು ನಿಂತ ಮೇಲೆ ಬಾಯಿಗೆ ಬಂದ ಪ್ರಶ್ನೆಯನ್ನು ಅವನು ಕೇಳಲಿಲ್ಲ.

“ನೀನು ಮಲ್ಗಪ್ಪ,” ಎಂದ.